ಬ್ಯಾಕ್ಟೀರಿಯಾದ ಅಂಟು ಪ್ರೋಟೀನ್ ಹೊರಗೆ ಬರುವುದು ಹೇಗೆ? ಒಂದು ಹೆಸರಿನ ಹಿಂದಿನ ಕಥೆ

ಆಂಟಿಜೆನ್ 43 ಎಂಬ ಪ್ರೋಟೀನ್ ಹೊತ್ತ ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಟೆಸ್ಟ್ ಟ್ಯೂಬಿನಲ್ಲಿ ಅಲ್ಲಾಡಿಸದೆ ಇಟ್ಟರೆ, ಸ್ವಲ್ಪ ಹೊತ್ತಿಗೆ ಮೇಲಿನ ದ್ರವ ತಿಳಿಯಾಗುತ್ತದೆ. ಇಟ್ಟಲ್ಲೇ ಇಟ್ಟ ಮಜ್ಜಿಗೆಯ ಹಾಗೆ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ತಳ ಸೇರಿರುತ್ತವೆ.

ಈ ಅಂಟು ಪ್ರೋಟೀನ್ ತಯಾರಾಗುವುದು ಜೀವಕೋಶದ ಒಳಗೆ, ಕೆಲಸ ಮಾಡುವುದು ಹೊರಗೆ. ನಡುವೆ ಎರಡು ಪೊರೆಗಳಿವೆ. ಒಳಪೊರೆಯಲ್ಲಿ ಸೆಕ್ ಎಂಬ ದ್ವಾರವಿದೆ, ಅದಕ್ಕೆ ಜೀವಕೋಶದ ಇಂಧನವಾದ ಎಟಿಪಿಯ ಶಕ್ತಿಯೂ ಇದೆ. ಆದರೆ ಪೊರೆಗಳ ನಡುವಿನ ಜಾಗದಲ್ಲಿ ಎಟಿಪಿ ಇಲ್ಲ. ಹಾಗಾದರೆ ಹೊರಪೊರೆ ದಾಟಿಸುವವರು ಯಾರು? ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದಲೇ.

ಇ. ಕೋಲಿ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುತ್ತದೆ ಎಂದು 1908ರಲ್ಲೇ ಗೊತ್ತಿತ್ತು. 1950ರ ದಶಕದಲ್ಲಿ ಅದರ ಮೈಮೇಲಿನ, ಅಂಟಿಕೊಳ್ಳಲು ನೆರವಾಗುವ ಸಣ್ಣ ಕೂದಲುಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಂಡವು. ಆ ಕೂದಲು ಹೊರಬರುವ ದಾರಿ ಬೇರೆ. ಆಂಟಿಜೆನ್ 43ರ ದಾರಿ ತೆರೆದುಕೊಂಡಿದ್ದು 1987ರಲ್ಲಿ, ಗೊನೋರಿಯಾ ಬ್ಯಾಕ್ಟೀರಿಯಾದ ಐಜಿಎ ಪ್ರೋಟಿಯೇಸ್ (ನಮ್ಮ ದೇಹದ ಪ್ರತಿಕಾಯವನ್ನು ಕತ್ತರಿಸುವ ಪ್ರೋಟೀನ್) ಮೂಲಕ. ಅದು ಅಂಟುವ ಪ್ರೋಟೀನ್ ಅಲ್ಲ, ದಾರಿ ಮಾತ್ರ ಒಂದೇ. ಹೊರಗೆ ಹೋಗಬೇಕಾದ 'ಪ್ರಯಾಣಿಕ' ಭಾಗ, ಅದನ್ನು ದಾಟಿಸುವ ಭಾಗ ಎರಡೂ ಒಂದೇ ಜೀನಿನಲ್ಲಿದ್ದವು. ಬಾಲದ ಭಾಗ ಹೊರಪೊರೆಯಲ್ಲಿ ಪೀಪಾಯಿಯಂತೆ ಕೂರುತ್ತದೆ, ಉಳಿದದ್ದು ಅದರ ತೂತಿನಿಂದ ಆಚೆ ಹೋಗುತ್ತದೆ ಎಂದುಕೊಂಡರು. ಆ ಜೀನನ್ನು ಇ. ಕೋಲಿಗೆ ಹಾಕಿದರೂ ಪ್ರೋಟೀನ್ ಹೊರಬಂತು. ಬೇರೆ ಸಹಾಯ ಬೇಕಿಲ್ಲ ಅನ್ನಿಸಿತು. 1990ರ ದಶಕದಲ್ಲಿ 'ಆಟೋಟ್ರಾನ್ಸ್‌ಪೋರ್ಟರ್', ಅಂದರೆ ತನ್ನನ್ನು ತಾನೇ ಸಾಗಿಸಿಕೊಳ್ಳುವುದು, ಎಂಬ ಹೆಸರು ನಿಂತಿತು.

ಚೆಂದದ ಹೆಸರು. ಆದರೆ ಸಹಾಯಕ ಇ. ಕೋಲಿಯೊಳಗೆ ಮೊದಲೇ ಇತ್ತು, ಅದಕ್ಕೇ ಕಣ್ಣಿಗೆ ಬೀಳಲಿಲ್ಲ. ಆ ಸಹಾಯಕನೇ ಈಗ ಬಾಮ್‌ಎ ಎಂದು ಕರೆಯುವ ಪ್ರೋಟೀನ್. ಅದು ಇಲ್ಲದಿದ್ದರೆ ಹೊರಪೊರೆಯ ಪ್ರೋಟೀನ್‌ಗಳು ಸರಿಯಾಗಿ ಕೂರುವುದೇ ಇಲ್ಲ ಎಂದು 2003ರಲ್ಲಿ ತಿಳಿಯಿತು. ಮರುವರ್ಷ ನಾಲ್‌ಪಿ ಎಂಬ ಆಟೋಟ್ರಾನ್ಸ್‌ಪೋರ್ಟರಿನ ಪೀಪಾಯಿಯ ಆಕಾರ ಸಿಕ್ಕಿತು. ಹನ್ನೆರಡು ಪಟ್ಟಿಗಳ ಪೀಪಾಯಿ, ತೂತಿನ ಅಗಲ ಸುಮಾರು 1 ನ್ಯಾನೋಮೀಟರ್ ಅಷ್ಟೇ. ಅದರೊಳಗೂ ಪ್ರೋಟೀನಿನದೇ ಒಂದು ಸುರುಳಿ ತುಂಬಿಕೊಂಡಿತ್ತು. ಮಡಚಿಕೊಂಡ ಪ್ರೋಟೀನ್ ಇಷ್ಟು ಕಿರಿದಾದ ಕಡೆಯಿಂದ ನುಸುಳುವುದು ಕಷ್ಟ ಅಲ್ವಾ? 2009ರಲ್ಲಿ ಇಎಸ್‌ಪಿ‌ಪಿ ಎಂಬ ಇನ್ನೊಂದು ಆಟೋಟ್ರಾನ್ಸ್‌ಪೋರ್ಟರಿನ ಮೇಲೆ ನಡೆದ ಪ್ರಯೋಗದಲ್ಲಿ, ದಾಟುತ್ತಿರುವ ಭಾಗ ಬಾಮ್‌ಎಗೆ ತಾಗಿಕೊಂಡಿದ್ದು ಕಂಡಿತು. ಪೀಪಾಯಿ ಪೂರ್ತಿ ಮುಚ್ಚಿಕೊಳ್ಳುವ ಮೊದಲೇ, ಬಾಮ್‌ಎ ಜೊತೆ ಸೇರಿಕೊಂಡ ಸ್ಥಿತಿಯಲ್ಲಿ, ದಾಟುವಿಕೆ ನಡೆಯುತ್ತದೆ ಎಂಬ ವಿವರಣೆ ಆಮೇಲೆ ಬಲವಾಯಿತು.

ಇನ್ನು ಶಕ್ತಿಯ ಮಾತು. ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಪರ್ಟಾಕ್ಟಿನ್ ಕೂಡ ಅಂಟುವ ಆಟೋಟ್ರಾನ್ಸ್‌ಪೋರ್ಟರೇ. ಮಕ್ಕಳಿಗೆ ಕೊಡುವ ಕೆಲವು ಲಸಿಕೆಗಳಲ್ಲೂ ಅದು ಇರುತ್ತದೆ. ಪರ್ಟಾಕ್ಟಿನ್‌ನ ಪ್ರಯಾಣಿಕ ಭಾಗದ ಹಿಂದಿನ ತುದಿ, ಅಂದರೆ ಪೀಪಾಯಿಗೆ ಹತ್ತಿರದ್ದು, ಮೊದಲು ಹೊರಗೆ ಬಂದು ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಮುಂದಿನ ಸುತ್ತು ಕೂರುತ್ತದೆ. ಸುತ್ತಿಕೊಂಡದ್ದು ವಾಪಸ್ ಜಾರಲಾಗದು. ಹೀಗೆ ಮಡಚಿಕೊಳ್ಳುವುದೇ ಉಳಿದ ಭಾಗವನ್ನು ಎಳೆಯಲು ನೆರವಾಗುತ್ತದೆ ಎಂಬ ವಿವರಣೆಯನ್ನು ಜಾಸ್ತಿ ಜನ ಒಪ್ಪುತ್ತಾರೆ.

ಹೆಸರು ಮಾತ್ರ ಹಾಗೇ ಉಳಿದಿದೆ. ಹೊಸದಾಗಿ ಓದುವವರು ಇಂದಿಗೂ ಅದನ್ನು ನಂಬಿ, ಸಹಾಯಕನನ್ನು ಮರೆತುಬಿಡುತ್ತಾರೆ. ಅದು ಸುಮ್ನೆ ಮರೆಯುವಂಥದ್ದಲ್ಲ. ಹುಳುಗಳೊಳಗೆ ಬದುಕುವ ಫೋಟೊರಾಬ್ಡಸ್ ಬ್ಯಾಕ್ಟೀರಿಯಾದಿಂದ 2019ರಲ್ಲಿ ಸಿಕ್ಕ ಡಾರೊಬ್ಯಾಕ್ಟಿನ್ ಎಂಬ ಆಂಟಿಬಯಾಟಿಕ್ ಹೋಗಿ ಹಿಡಿಯುವುದು ಈ ಬಾಮ್‌ಎಯನ್ನೇ.