ಬೀದರ್ ಕೋಟೆಯ ಬುರುಜು ಅಲ್ಲೇ ಯಾಕಿದೆ?

ಬೀದರ್ ಕೋಟೆಗೆ ಹೋದವರು ರಂಗೀನ್ ಮಹಲ್ ನೋಡಿ, ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಗೋಡೆ ಕಡೆ ನೋಡೋದು ಕಡಿಮೆ. ಮುಂದಿನ ಸಲ ಒಂದು ಬುರುಜಿನ ಮೇಲೆ ನಿಂತು ಪಕ್ಕಕ್ಕೆ ಕಣ್ಣು ಹಾಯಿಸಿ. ಆಚೆ ಬುರುಜಿನ ಬುಡ ಕಾಣುತ್ತದೆ. ನೀವು ನಿಂತಿರೋ ಬುರುಜಿನ ಬುಡ ಮಾತ್ರ ಸರಿಯಾಗಿ ಕಾಣಲ್ಲ. ಅದನ್ನು ಕಾಯೋದು ಆಚೆಯವನ ಕೆಲಸ.

ಬುರುಜು ಗೋಡೆಯಿಂದ ಮುಂದಕ್ಕೆ ಉಬ್ಬಿರೋದು ಇದಕ್ಕೇ. ಗೋಡೆ ನೇರವಾಗಿದ್ದರೆ ಏಣಿ ತಂದವನು ಬುಡಕ್ಕೆ ಅಂಟಿಕೊಂಡು ನಿಂತುಬಿಡುತ್ತಾನೆ, ಮೇಲಿನವನಿಗೆ ಅವನು ಕಾಣೋದೇ ಇಲ್ಲ. ಮೊಬೈಲ್ ಟವರ್ ಹಾಕುವವರೂ ಹೀಗೇ ಅಲ್ವಾ? ಒಂದರ ಸಿಗ್ನಲ್ ಮುಗಿಯುವ ಮೊದಲೇ ಇನ್ನೊಂದರದ್ದು ಶುರುವಾಗಬೇಕು.

1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಮೊದಲು ಕಲಬುರಗಿಯೇ ರಾಜಧಾನಿ. ಅಲ್ಲಿನ ಕೋಟೆ ಬಯಲಲ್ಲಿದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಬೀದರಿಗೆ ತಂದ. ಇಲ್ಲಿ ಅರ್ಧ ಕೆಲಸವನ್ನು ನೆಲವೇ ಮಾಡಿಕೊಟ್ಟಿತ್ತು. ಉತ್ತರಕ್ಕೂ ಪೂರ್ವಕ್ಕೂ ಗುಡ್ಡ ಕಡಿದಾಗಿ ಇಳಿಯುತ್ತದೆ. ಊರಿನ ಕಡೆ ನೆಲ ಸಮತಟ್ಟು. ಅಲ್ಲೇ ಕೆಂಪು ಜಂಬಿಟ್ಟಿಗೆ ಬಂಡೆ ಕೊರೆದು ಮೂರು ಸಾಲು ಕಂದಕ ತೆಗೆದರು, ನಡುನಡುವೆ ಬಂಡೆಯನ್ನೇ ಗೋಡೆಯ ಹಾಗೆ ಉಳಿಸಿಕೊಂಡರು. ಬುರುಜುಗಳು ಒಟ್ಟು 37. ಆಮೇಲೆ ಫಿರಂಗಿ ಬಂತು. ಬುರುಜಿನ ತಲೆ ಮೇಲೆ ತೋಪು ತಿರುಗಿಸೋಕೆ ಜಾಗ ಬೇಕಾಯಿತು.

ಊರೊಳಗಿನ ಚೌಬಾರಾದ ಲೆಕ್ಕ ಬೇರೆ. ಸುಮಾರು 71 ಅಡಿ ಎತ್ತರದ ಈ ಗುಂಡು ಗೋಪುರ ನಾಲ್ಕು ದಾರಿ ಕೂಡುವ ಕಡೆ ನಿಂತಿದೆ. ಹೊಡೆಯೋಕಲ್ಲ, ನೋಡೋಕೆ. ಮೇಲೆ ಹತ್ತಿದರೆ ಊರೂ ಕಾಣುತ್ತದೆ, ಸುತ್ತಲ ಬಯಲೂ ಕಾಣುತ್ತದೆ. ನಮ್ಮ ಕಡೆ ಹಳ್ಳಿಗಳ ಹುಡೇವು, ಅಂದರೆ ಊರ ಕಾವಲು ಗೋಪುರ, ಕೂಡ ಇದೇ ಜಾತಿಯದ್ದು. ಹುಡೇದ ಅನ್ನೋ ಅಡ್ಡಹೆಸರು ಕೇಳಿರುತ್ತೀರಿ.

ಇಷ್ಟೆಲ್ಲ ಇದ್ದೂ 1657ರಲ್ಲಿ ಔರಂಗಜೇಬ ಬೀದರನ್ನು 27 ದಿನದಲ್ಲಿ ಹಿಡಿದ. ತೋಪಿನ ಏಟಿಗೆ ಬುರುಜು ಜಖಂ ಆಗಿದ್ದವು. ಅಷ್ಟರಲ್ಲಿ ಬುರುಜಿನ ಹತ್ತಿರ ಕೂಡಿಟ್ಟಿದ್ದ ಮದ್ದಿಗೇ ಬೆಂಕಿ ತಗುಲಿತು. ಬಿಜಾಪುರದ ಸುಲ್ತಾನರ ಪರವಾಗಿ ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಸುಟ್ಟ ಗಾಯದಲ್ಲೇ ಮಲಗಿದ. ಕೊನೆಗೆ ಕೋಟೆಯ ಬೀಗದಕೈಗಳನ್ನು ತನ್ನ ಮಕ್ಕಳ ಕೈಲಿ ಕೊಟ್ಟು ಕಳಿಸಿದ.