ಸ್ಕಿ-ಡೂ ಚರಿತ್ರೆ: 1959ರಿಂದ ಓದಲು ಆರಂಭಿಸಬೇಡಿ

ಹಿಮದ ಮೇಲೆ ಒಬ್ಬಿಬ್ಬರು ಕುಳಿತು ಓಡಿಸುವ ಪುಟ್ಟ ಮೋಟಾರು ಗಾಡಿ, ಹಳದಿ ಬಣ್ಣದ ಸ್ಕಿ-ಡೂ, ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ನಾನೂ ಅಲ್ಲಿಂದಲೇ ಓದಲು ಶುರುಮಾಡಿ ದಾರಿ ತಪ್ಪಿದೆ. ಈ ಗಾಡಿಯ ಬೇರು ಹುಡುಕಲು 1922ಕ್ಕೆ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೋರ್ ಎಂಬ ಊರಿಗೆ ಹೋಗಬೇಕು. ಹದಿನೈದರ ಹುಡುಗ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಜಾರುಬಂಡಿಗೆ ಹಳೆಯ ಫೋರ್ಡ್ ಎಂಜಿನ್ ಕಟ್ಟಿ, ಹಿಂಬದಿಗೆ ವಿಮಾನದಂಥ ಪ್ರೊಪೆಲ್ಲರ್ ಕೂರಿಸಿ ಹಿಮದ ಮೇಲೆ ಓಡಿಸಿದ. ಗಿರ್ರನೆ ತಿರುಗುವ ಆ ಅಲಗನ್ನು ಕಂಡ ತಂದೆ ಗಾಡಿಯನ್ನು ಬಿಚ್ಚಿಹಾಕಿಸಿದರು. ಯಾವ ತಂದೆಯಾದರೂ ಅದನ್ನೇ ಮಾಡುತ್ತಿದ್ದರು.

ಹಿಮದಲ್ಲಿ ಗಾಡಿ ಓಡಿಸುವುದರ ತೊಡಕು ಕೆಸರುಗದ್ದೆಯಲ್ಲಿ ಹೂತ ಟ್ರ್ಯಾಕ್ಟರನ್ನು ನೋಡಿದವರಿಗೆ ಬೇಗ ಹೊಳೆಯುತ್ತದೆ. ಚಕ್ರ ನೆಲವನ್ನು ಮುಟ್ಟುವ ಜಾಗ ಅಂಗೈಯಷ್ಟು, ಗಾಡಿಯ ಭಾರವೆಲ್ಲ ಅದರ ಮೇಲೆ. ಭಾರವನ್ನು ಅಗಲವಾದ ಪಟ್ಟಿಯ ಮೇಲೆ ಹರಡಿದರೆ ಗಾಡಿ ಹೂಳುವುದಿಲ್ಲ. ಆದರೆ ಪಟ್ಟಿಗೂ ಅದನ್ನು ತಿರುಗಿಸುವ ಹಲ್ಲುಚಕ್ರಕ್ಕೂ ಹಿಮ ಮೆತ್ತಿ ಹೆಪ್ಪುಗಟ್ಟಬಾರದು. ಬೊಂಬಾರ್ಡಿಯರ್ ಕಂಡುಕೊಂಡ ಉಪಾಯವೆಂದರೆ ರಬ್ಬರ್ ಹೊದಿಸಿದ ಹಲ್ಲುಚಕ್ರ, ಅದಕ್ಕೆ ಹೊಂದುವ ರಬ್ಬರ್ ಪಟ್ಟಿ. 1937ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಅದಕ್ಕೂ ಮುಂಚೆ, 1934ರ ಚಳಿಗಾಲದಲ್ಲಿ, ಅವರ ಎರಡು ವರ್ಷದ ಮಗ ಹೊಟ್ಟೆಯ ಸೋಂಕಿನಿಂದ ತೀರಿಕೊಂಡಿದ್ದ. ಹಿಮದಲ್ಲಿ ಮುಚ್ಚಿಹೋದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯುವ ಯಾವ ಸಾಧನವೂ ಇರಲಿಲ್ಲ.

ಮೊದಲು ಬಂದವು ದೊಡ್ಡ ಗಾಡಿಗಳು: ಏಳು ಜನರ ಬಿ7, ಆಮೇಲೆ ಹನ್ನೆರಡು ಜನರ ಬಿ12. ಹಡಗಿನ ಕಿಟಕಿಯಂಥ ದುಂಡು ಗಾಜುಗಳಿದ್ದ ಈ ಮರದ ಗಾಡಿಗಳು ವೈದ್ಯರನ್ನು, ಅಂಚೆಯನ್ನು, ಶಾಲಾ ಮಕ್ಕಳನ್ನು ಹೊತ್ತು ತಿರುಗಿದವು. 1942ರಲ್ಲಿ ಬೊಂಬಾರ್ಡಿಯರ್ ಕಂಪನಿ ಸ್ಥಾಪನೆಯಾಯಿತು.

ಈ ಟಿಪ್ಪಣಿಯಲ್ಲಿ ಒಂದೇ ಸಾಲಿಗೆ ಗೆರೆ ಎಳೆಯುವುದಾದರೆ ಇದಕ್ಕೆ ಎಳೆಯಿರಿ: 1940ರ ದಶಕದ ಕೊನೆಗೆ ಕ್ವಿಬೆಕ್ ಸರ್ಕಾರ ಚಳಿಗಾಲದಲ್ಲೂ ಹಳ್ಳಿಯ ರಸ್ತೆಗಳ ಹಿಮ ತೆಗೆಸಲು ಮುಂದಾಯಿತು. ರಸ್ತೆ ತೆರವಾದರೆ ಸಾಮಾನ್ಯ ಕಾರೇ ಸಾಕಲ್ಲ! ದೊಡ್ಡ ಗಾಡಿಗಳ ಮಾರಾಟ ಕುಸಿಯಿತು. ಕಂಪನಿ ಕಾಡು, ಜೌಗು ನೆಲಗಳಿಗೆ ಬೇಕಾದ ಯಂತ್ರಗಳತ್ತ ಹೊರಳಿತು. ರಸ್ತೆಯೇ ಇಲ್ಲದ ಕಡೆ ಒಬ್ಬಿಬ್ಬರು ಕುಳಿತು ಹೋಗುವ ಪುಟ್ಟ ಗಾಡಿಯ ಹಳೆಯ ಕನಸೂ ಮತ್ತೆ ಚಿಗುರಿತು. ಹಗುರ ಎಂಜಿನ್‌ಗಳು ಸಿಗುವ ಕಾಲ ಬಂದಿತ್ತು. ಮಗ ಜೆರ್ಮೇನ್ ಜೋಡಣೆಯಿಲ್ಲದ ಒಂದೇ ತುಂಡಿನ ರಬ್ಬರ್ ಪಟ್ಟಿಯನ್ನು ರೂಪಿಸಿದ್ದರು.

ನಾಯಿಬಂಡಿಗೆ ಬದಲಿ ಎಂಬ ಅರ್ಥದಲ್ಲಿ ಹೊಸ ಗಾಡಿಗೆ ಇಡಲು ಹೊರಟ ಹೆಸರು ‘ಸ್ಕಿ-ಡಾಗ್’. ಅಚ್ಚಿನ ತಪ್ಪಿನಿಂದ ಅದು ‘ಸ್ಕಿ-ಡೂ’ ಆಯಿತೆಂದು ಕಥೆ ಹೇಳುತ್ತಾರೆ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಅದನ್ನು ಕಥೆಯೆಂದೇ ಬರೆಯಿರಿ. ಮೊದಲ ಹಂಗಾಮಿನಲ್ಲಿ ಮಾರಾಟವಾದದ್ದು 225 ಗಾಡಿಗಳು. ದೂರದ ಉತ್ತರದ ಪಾದ್ರಿಗಳಿಗೆ, ಬೇಟೆಗಾರರಿಗೆ ನೆರವಾಗಲೆಂದು ಮಾಡಿದ ಗಾಡಿ ಅರವತ್ತರ ದಶಕದಲ್ಲಿ ಭಾನುವಾರದ ಮೋಜಿನ ವಸ್ತುವಾಯಿತು. ಬೊಂಬಾರ್ಡಿಯರ್ 1964ರಲ್ಲಿ, 56ನೆಯ ವಯಸ್ಸಿಗೇ ತೀರಿಕೊಂಡಿದ್ದರಿಂದ ಆ ಹುಚ್ಚಿನ ತುತ್ತತುದಿಯನ್ನು ಕಾಣಲಿಲ್ಲ. 1966ರಲ್ಲಿ ಅಳಿಯ ಲೋರಾಂ ಬೋದ್ವಾಂ ಕಂಪನಿಯ ಹೊಣೆ ಹೊತ್ತರು. ಒಂದು ಕಾಲಕ್ಕೆ ನೂರಕ್ಕೂ ಹೆಚ್ಚು ಪೈಪೋಟಿದಾರರಿದ್ದರು. 1971ರಲ್ಲಿ ಮೋಟೋ-ಸ್ಕಿ ಕಂಪನಿಯನ್ನು ಬೊಂಬಾರ್ಡಿಯರ್ ಕೊಂಡುಕೊಂಡಿತು. 1973ರ ತೈಲ ಬಿಕ್ಕಟ್ಟಿಗೆ ಸಿಕ್ಕಿ ಉಳಿದವರಲ್ಲಿ ಅನೇಕರು ಬಾಗಿಲು ಹಾಕಿದರು.

ಬೊಂಬಾರ್ಡಿಯರ್‌ಗೂ ಪೆಟ್ಟು ಬಿತ್ತು. ಹಿಮವನ್ನಷ್ಟೇ ನೆಚ್ಚಿದರೆ ಆಗದೆಂದು ಅದು 1974ರಲ್ಲಿ ಮಾಂಟ್ರಿಯಲ್ ಮೆಟ್ರೋ ಬೋಗಿಗಳ ಗುತ್ತಿಗೆ ಹಿಡಿಯಿತು. ದೆಹಲಿ ಮೆಟ್ರೋದ ಎಷ್ಟೋ ಬೋಗಿಗಳ ಮೇಲೆ ಇದೇ ಹೆಸರು ಕಂಡದ್ದು ಈ ಹೊರಳಿಕೆಯಿಂದ. ಸ್ಕಿ-ಡೂ ಮಾತ್ರ 2003ರಲ್ಲಿ ಬೇರ್ಪಟ್ಟು ಬಿಆರ್‌ಪಿ ಎಂಬ ಕಂಪನಿಯ ಪಾಲಾಯಿತು. ಅದರ ಕೇಂದ್ರ ಈಗಲೂ ವಾಲ್‌ಕೋರ್‌ನಲ್ಲೇ ಇದೆ.