ಮಗುವನ್ನು ಶಾಲೆಗೆ ಸೇರಿಸಲೇಬೇಕಾ? ಒಂದು ಹಳೇ ಗೊಂದಲದ ಕಥೆ

ಹೋಮ್‌ಸ್ಕೂಲಿಂಗ್‌ಗೆ ಕನ್ನಡದಲ್ಲಿ ಸರಿಯಾದ ಪದವೇ ಇಲ್ಲ. ‘ಮನೆಪಾಠ’ ಅಂದರೆ ನಮಗೆ ಟ್ಯೂಷನ್. ಮೂರೂವರೆ ವರ್ಷದ ಮಗುವನ್ನು ಎಲ್‌ಕೆಜಿಗೂ ಕಳಿಸದೆ, ಮುಂದೆ ಒಂದನೇ ಕ್ಲಾಸಿಗೂ ಸೇರಿಸದೆ ಮನೆಯಲ್ಲೇ ಕಲಿಸುತ್ತೇವೆ ಎಂದರೆ ಅದಕ್ಕೊಂದು ಹೆಸರಿಲ್ಲ. ಹೆಸರಿಡುವ ಕೆಲಸವನ್ನು ನೆಂಟರೇ ಮಾಡುತ್ತಾರೆ. ಮಗು ನಾಲ್ಕು ಜನರ ಜೊತೆ ಬೆರೆಯೋದು ಹೇಗೆ? ನಾಳೆ ಯಾರಾದರೂ ಟಿಸಿ ಕೇಳಿದರೆ? ಕೊನೆಗೆ, ‘ಇದು ಕಾನೂನಿಗೆ ವಿರುದ್ಧ ಅಲ್ವಾ?’

ಮೊದಲ ಎರಡಕ್ಕೆ ಹೇಗೋ ಉತ್ತರ ಕೊಡಬಹುದು. ಮೂರನೆಯದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿ ಹದಿನೈದು ವರ್ಷ ದಾಟಿದರೂ ಬಗೆಹರಿದಿಲ್ಲ.

ಹಾಗೆ ನೋಡಿದರೆ ಮಕ್ಕಳು ಮನೆಯಲ್ಲಿ ಕಲಿಯುವುದು ಹೊಸದಲ್ಲ. ಶಾಲೆ ಎಲ್ಲರಿಗೂ ಅನ್ನುವುದೇ ಹೊಸದು. ಕೂಲಿಮಠದ ಮರಳಿನ ಮೇಲೆ ಅಕ್ಷರ ತಿದ್ದಿದ ಕಾಲ ಹೋಯಿತು, ಬ್ರಿಟಿಷರ ಶಾಲೆ ಬಂತು, ಸ್ವಾತಂತ್ರ್ಯದ ನಂತರ ಸರ್ಕಾರಿ ಶಾಲೆ ಹಳ್ಳಿಹಳ್ಳಿಗೆ ಹೋಯಿತು. (ಕೂಲಿಮಠದ ಜಗಲಿಯಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಜಾಗ ಇರಲಿಲ್ಲ. ಹಳೇ ಕಾಲವನ್ನು ಹೊಗಳುವಾಗ ಅದನ್ನು ಮರೆಯುವವರೇ ಜಾಸ್ತಿ.) ನಡುವೆ ಒಬ್ಬಿಬ್ಬರು ಬೇರೆ ದಾರಿ ಹಿಡಿದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದ ಶಿವರಾಮ ಕಾರಂತರ ಮಗ, ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಚಿಕ್ಕಂದಿನಲ್ಲಿ ಮನೆಯಲ್ಲೇ ಕಲಿತವರು. ಗಾಂಧೀಜಿಯೂ ದಕ್ಷಿಣ ಆಫ್ರಿಕಾದಲ್ಲಿ ತಮ್ಮ ಮಕ್ಕಳಿಗೆ ತಾವೇ ಪಾಠ ಹೇಳಿದರು. ಆದರೆ ತನಗೆ ಸರಿಯಾದ ಓದು ಸಿಗಲಿಲ್ಲ ಎಂಬ ಕೊರಗು ಹಿರಿಯ ಮಗ ಹರಿಲಾಲನಿಗೆ ಹೋಗಲೇ ಇಲ್ಲ.

ಈಗ ಬೆಂಗಳೂರಿನಂಥ ಊರುಗಳಲ್ಲಿ ಕಾಣುವ ಹೋಮ್‌ಸ್ಕೂಲಿಂಗ್ ಅರ್ಧ ಅಮೆರಿಕದಿಂದ ಬಂದದ್ದು. ಅಲ್ಲಿ ಜಾನ್ ಹೋಲ್ಟ್ ಎಂಬ ಮೇಷ್ಟ್ರು 1977ರಲ್ಲಿ, ಶಾಲೆಯಿಲ್ಲದೆ ಮಕ್ಕಳನ್ನು ಬೆಳೆಸುವವರಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿದ್ದರು. ಇಲ್ಲಿ ಇದು ಸದ್ದಿಲ್ಲದೆ ನಡೆಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ.

ಕೇಳುವಂತಾಗಿದ್ದು ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಬಂದ ಮೇಲೆ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. 2009ರಲ್ಲಿ ಕಾಯ್ದೆ ಬಂತು, 2010ರ ಏಪ್ರಿಲ್ 1ಕ್ಕೆ ಜಾರಿಯಾಯಿತು. ಅದರ ಕಣ್ಣಿದ್ದದ್ದು ಇಟ್ಟಿಗೆ ಭಟ್ಟಿಯಲ್ಲಿ, ಹೋಟೆಲಿನಲ್ಲಿ, ಹೊಲದಲ್ಲಿ ದುಡಿಯುವ ಮಕ್ಕಳ ಮೇಲೆ; ತಮ್ಮ–ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹುಡುಗಿಯರ ಮೇಲೆ. ಅಂಥ ಕಾಯ್ದೆ ಬೇಕೇ ಇತ್ತು. ಆದರೆ ಅದರ 10ನೇ ಸೆಕ್ಷನ್ ಹೇಳುವುದು ಇಷ್ಟೇ: ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ. ಮನೆಯಲ್ಲಿ ಕಲಿಸುವವರಿಗೆ ವಿನಾಯಿತಿ ಎಂದು ಬರೆದಿಲ್ಲ. ಬೇರೆ ಮೀನಿಗೆ ಬೀಸಿದ ಬಲೆಯಲ್ಲಿ ಇವರೂ ಸಿಕ್ಕಿಕೊಂಡರು.

ಸಿಕ್ಕಿಕೊಂಡರು ಎನ್ನುವುದೂ ಪೂರ್ತಿ ಸರಿಯಲ್ಲ. ಯಾಕೆಂದರೆ ಆ ಕರ್ತವ್ಯ ಮಾಡದ ಅಪ್ಪ ಅಮ್ಮನಿಗೆ ಕಾಯ್ದೆಯಲ್ಲಿ ಶಿಕ್ಷೆಯೇ ಇಲ್ಲ. ಆದರೆ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಆದ್ದರಿಂದ ಒಂದು ಮನೆಯವರು ತಮ್ಮ ಮಗುವಿಗೆ ಕಲಿಸಿದರೆ ಅಧಿಕಾರಿಗಳು ಸುಮ್ನೆ ಬಿಡುತ್ತಾರೆ. ಅದೇ ಐದಾರು ಮನೆಯವರು ಸೇರಿ ಒಂದು ಕಡೆ ಹತ್ತು ಮಕ್ಕಳನ್ನು ಕೂರಿಸಿಕೊಂಡರೆ ‘ಇದು ಶಾಲೆಯಲ್ಲವೇ?’ ಎಂಬ ಪ್ರಶ್ನೆ ಏಳುತ್ತದೆ.

ಈ ವಿಷಯ ದೆಹಲಿ ಹೈಕೋರ್ಟಿಗೂ ಹೋಯಿತು. 2012ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಲ್ಲಿ ಅಫಿಡವಿಟ್ ಸಲ್ಲಿಸಿ, ಇಷ್ಟಪಟ್ಟು ಮನೆಯಲ್ಲಿ ಕಲಿಸುವವರು ಹಾಗೇ ಮುಂದುವರಿಯಬಹುದು, ಕಾಯ್ದೆ ಅದಕ್ಕೆ ಅಡ್ಡಿಯಲ್ಲ ಎಂದಿತು. ಹಲವು ಮನೆಗಳು ನಿಟ್ಟುಸಿರು ಬಿಟ್ಟವು. ಆದರೆ ಅಫಿಡವಿಟ್ ಕಾಯ್ದೆಯಲ್ಲವಲ್ಲ. ಕಾಯ್ದೆಯ ಪುಸ್ತಕಕ್ಕೆ ಆ ಸಾಲು ಸೇರಲಿಲ್ಲ. ವಿಚಿತ್ರವೆಂದರೆ ಅದೇ ವರ್ಷ ಆಗಸ್ಟ್ 1ಕ್ಕೆ ಜಾರಿಯಾದ ತಿದ್ದುಪಡಿಯಲ್ಲಿ ‘ಮನೆ ಆಧಾರಿತ ಶಿಕ್ಷಣ’ ಎಂಬ ಮಾತು ಬಂತು. ಬಂದದ್ದು ಬಹು ಇಲ್ಲವೇ ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಮಾತ್ರ. ಅಂದರೆ ಮನೆಯಲ್ಲೂ ಕಲಿಯಬಹುದು ಎಂದು ಕಾನೂನಿಗೆ ಗೊತ್ತಿದೆ. ಉಳಿದವರ ಬಗ್ಗೆ ಬಾಯಿಬಿಡಲು ಅದಕ್ಕೆ ಮನಸ್ಸಿಲ್ಲ, ಅಷ್ಟೇ.

ಶಾಲೆಗೆ ವಾಪಸ್ ಬರುವ ಬಾಗಿಲನ್ನೂ ಅದೇ ಕಾಯ್ದೆ ತೆರೆದಿಟ್ಟಿದೆ. ಶಾಲೆಯನ್ನೇ ನೋಡದ ಒಂಬತ್ತು ವರ್ಷದ ಮಗುವನ್ನು 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಸೇರುವುದೇ ಬೇಡ ಎನ್ನುವವರಿಗೆ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯಿದೆ, ಈಗಿನ ಎನ್‌ಐಒಎಸ್. 14 ತುಂಬಿದರೆ ಅಲ್ಲಿ ಹತ್ತನೇ ತರಗತಿಗೆ ನೋಂದಾಯಿಸಬಹುದು.

ಆಮೇಲೆ ಕೊರೊನಾ. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಕರ್ನಾಟಕದ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ‘ವಿದ್ಯಾಗಮ’ದ ಹೆಸರಲ್ಲಿ ಮೇಷ್ಟ್ರುಗಳು ಊರ ಕಟ್ಟೆ, ಗುಡಿಯ ಅಂಗಳದಲ್ಲಿ ಪಾಠ ಮಾಡಿದರು. ಇಷ್ಟು ತಿಂಗಳು ಮನೆಯಲ್ಲೇ ಕಲಿಸಿದವರಲ್ಲಿ ಕೆಲವರು ಇದೇ ಸರಿ ಎಂದುಕೊಂಡರು. ಬಹಳಷ್ಟು ಜನ ಶಾಲೆ ತೆರೆದ ದಿನವೇ ದೇವರಿಗೆ ಕೈ ಮುಗಿದರು.

ಇನ್ನು ಆರು ವರ್ಷದೊಳಗಿನ ಮಾತು. ಆ ವಯಸ್ಸಿಗೆ ಕಡ್ಡಾಯ ಅನ್ನುವುದೇ ಇಲ್ಲ. ಎಲ್‌ಕೆಜಿ, ಯುಕೆಜಿಗೆ ಕಳಿಸದಿದ್ದರೆ ಯಾವ ಕಾನೂನೂ ಕೇಳುವುದಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ 6 ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. 2025ರಲ್ಲಿ ಆ ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿತು. ಮಗು ಯಾವಾಗ ಶಾಲೆಗೆ ಸಿದ್ಧ ಅನ್ನುವುದು ಸರ್ಕಾರಕ್ಕೇ ಖಚಿತವಿಲ್ಲದಾಗ, ಇನ್ನೊಂದೆರಡು ವರ್ಷ ನೋಡೋಣ ಎನ್ನುವ ಅಮ್ಮನನ್ನು ಬೈಯುವುದು ಕಷ್ಟ.

ಆದರೂ ಆರು ತುಂಬಿದ ಮೇಲೆ ಸಮೀಕ್ಷೆಯವರು ಬಾಗಿಲು ತಟ್ಟುತ್ತಾರೆ. ಮಗು ಶಾಲೆಯಲ್ಲಿದೆಯಾ, ಶಾಲೆ ಬಿಟ್ಟಿದೆಯಾ, ಶಾಲೆಗೆ ಸೇರಿಯೇ ಇಲ್ಲವಾ ಎಂದು ಕೇಳುತ್ತಾರೆ. ಹಾಲ್‌ನಲ್ಲಿ ಕೂತು ಕಥೆ ಪುಸ್ತಕ ಓದುತ್ತಿರುವ ಮಗುವಿಗೂ ಇಟ್ಟಿಗೆ ಭಟ್ಟಿಯ ಮಗುವಿಗೂ ಅಲ್ಲಿ ಸಿಗುವುದು ಒಂದೇ ಕಾಲಂ.